ಯಾವ ಪೀಠಕ್ಕೆ ಮಣೆ?

ಕಾಲೇಜಿನಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿಕೊಂಡಿರುವ ಕನ್ನಡದ ಅಧ್ಯಾಪಕನಿಗೂ ಗಣಕಯಂತ್ರದೊಳಗಿನ ಪ್ರೊಸೆಸರಿಗೂ ಏನು ನಂಟೆಂದು ವಾಚಕರು ಹುಬ್ಬೇರಿಸಬಹುದು. ಮಾರಿಕುಪ್ಪಂನಲ್ಲಿ ಮನೆ ಮಾಡಿಕೊಂಡವನಿಗೆ ಈ ನಂಟು ಬೇಡವೆಂದರೂ ಅಂಟಿಕೊಳ್ಳುತ್ತದೆ. ಇಲ್ಲಿಯ ತರುಣರು ತಮಿಳು, ತೆಲುಗು, ಕನ್ನಡ ಮೂರನ್ನೂ ಹದವಾಗಿ ಕಲಸಿ ಚರ್ಚಿಸುವ ವಿಷಯಗಳಲ್ಲಿ ಮೊದಲನೆಯದು ಕ್ರಿಕೆಟ್ಟು, ಎರಡನೆಯದು ಚಲನಚಿತ್ರ, ಮೂರನೆಯದು ಆಟಕ್ಕೆಂದು ಕಟ್ಟಿಸಬೇಕಾದ ಗಣಕಯಂತ್ರ. ಮೊದಲೆರಡರಲ್ಲಿ ಯಾವ ಅಭಿಪ್ರಾಯ ಇಟ್ಟುಕೊಂಡರೂ ಯಾರ ಗಂಟೂ ಹೋಗುವುದಿಲ್ಲ. ಮೂರನೆಯದರಲ್ಲಿ ಎಡವಿದರೆ ಒಂದು ಸಂಸಾರದ ವರ್ಷದ ಉಳಿತಾಯ ಮಣ್ಣುಪಾಲಾಗುತ್ತದೆ. ಆದಕಾರಣ ಈ ವಾರ ಅದನ್ನೇ ಎತ್ತಿಕೊಂಡಿದ್ದೇನೆ. ಇಂಥ ಯಂತ್ರವನ್ನು ಕೊಳ್ಳುವ ಉದ್ದೇಶವೇ ಇಲ್ಲದ ವಾಚಕರು ಪುಟ ತಿರುವಿ ಧಾರಾವಾಹಿಗೆ ಹೋಗಬಹುದು. ಆದರೆ ಮನೆಯಲ್ಲಿ ಹದಿನೆಂಟು ತುಂಬಿದ ಮಗನಿದ್ದರೆ ಹೋಗದಿರುವುದೇ ಲೇಸು.

ಮೊದಲು ಪರಿಭಾಷೆಯ ಮಾತು. ‘ಪ್ಲಾಟ್‌ಫಾರಂ’ ಎಂದರೆ ನಮ್ಮೂರಿನವರಿಗೆ ರೈಲು ನಿಲ್ಲುವ ಕಟ್ಟೆ. ಯಂತ್ರದ ವಿಷಯದಲ್ಲಿ ನಾನು ಅದನ್ನು ಪೀಠ ಎನ್ನುತ್ತೇನೆ. ಪ್ರೊಸೆಸರು ಒಂದು ಚೌಕಾಕಾರದ ತುಣುಕು. ಅದು ಮದರ್‌ಬೋರ್ಡಿನ ಮೇಲಿನ ಸಾಕೆಟ್ಟಿನಲ್ಲಿ ಕುಳಿತುಕೊಳ್ಳಬೇಕು. ಸಾಕೆಟ್ಟಿಗೆ ತಕ್ಕ ಪ್ರೊಸೆಸರು ಮಾತ್ರ ಅಲ್ಲಿ ಕೂರುತ್ತದೆ. ಬೋರ್ಡಿಗೆ ತಕ್ಕ ಜಾತಿಯ ರ‍್ಯಾಮ್ ಮಾತ್ರ ಅದರಲ್ಲಿ ಹಿಡಿಯುತ್ತದೆ. ಸಾಕೆಟ್ಟು, ಬೋರ್ಡು, ರ‍್ಯಾಮಿನ ಜಾತಿ, ಮುಂದೆ ಎಂದಾದರೂ ಅದೇ ಜಾಗದಲ್ಲಿ ಕೂರಿಸಬಹುದಾದ ಪ್ರೊಸೆಸರುಗಳು, ಇವೆಲ್ಲ ಕೂಡಿ ಒಂದು ಪೀಠ. ಪ್ರೊಸೆಸರನ್ನು ಆರಿಸುತ್ತಿದ್ದೇನೆಂದು ಹುಡುಗ ತಿಳಿದುಕೊಂಡಿರುತ್ತಾನೆ. ವಸ್ತುತಃ ಅವನು ಆರಿಸುವುದು ಪೀಠವನ್ನು.

ನಮ್ಮ ಊರಿಗೆ ಇಂಥ ಆಯ್ಕೆಯ ಪರಿಣಾಮ ಹೊಸದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಯೋಜನೆಯ ಫಲವಾಗಿ 1902ರಲ್ಲಿ ಶಿವನಸಮುದ್ರದಿಂದ 92 ಮೈಲಿಗಳ ತಂತಿಯ ಮೇಲೆ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಬಂದಿತು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪ ಕಂಡದ್ದು 1905ರಲ್ಲಿ. ಈ ಮೂರು ವರ್ಷಗಳ ಹಿರಿತನವನ್ನು ನಮ್ಮ ಹಿರಿಯರು ಬೆಂಗಳೂರಿನ ನೆಂಟರ ಮುಂದೆ ಹೇಳದೆ ಬಿಡುವುದಿಲ್ಲ. ಆ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದು. ನಿಧಾನಗತಿಯ ಭಾರಿ ಮೋಟಾರುಗಳಿಗೆ ಅದು ಒಪ್ಪುವಂಥದೇ ಆಗಿತ್ತು. ಆದರೆ ಕಾಲಕ್ರಮದಲ್ಲಿ ದೇಶವೆಲ್ಲ 50 ಆವರ್ತಗಳಿಗೆ ನೆಲೆಗೊಂಡಿತು. 25ಕ್ಕೆಂದು ತಯಾರಾದ ಮೋಟಾರನ್ನು 50ಕ್ಕೆ ಜೋಡಿಸಿದರೆ ಅದು ಎರಡರಷ್ಟು ವೇಗದಲ್ಲಿ ತಿರುಗಲು ಹೊರಡುತ್ತದೆ. 50ಕ್ಕೆಂದು ತಯಾರಾದ ಟ್ರಾನ್ಸ್‌ಫಾರ್ಮರಿಗೆ ಅದೇ ವೋಲ್ಟೇಜಿನಲ್ಲಿ 25ನ್ನು ಕೊಟ್ಟರೆ ಕಾದು ಕೆಟ್ಟುಹೋಗುತ್ತದೆ. ಮೊದಲ ದಿನ ಒಪ್ಪಿಕೊಂಡ ಒಂದು ಸಂಖ್ಯೆ, ಆಮೇಲೆ ಕೊಳ್ಳುವ ಪ್ರತಿಯೊಂದು ಯಂತ್ರವನ್ನೂ ಹೀಗೆ ಕಟ್ಟಿಹಾಕುತ್ತದೆ. ಇಂದಿನ ತರುಣ ಅಂಗಡಿಯಲ್ಲಿ ಬೋರ್ಡನ್ನು ಕೈಗೆತ್ತಿಕೊಂಡಾಗ ಮಾಡುವುದೂ ಈ ತರಹದ ಒಪ್ಪಂದವನ್ನೇ, ಅಳತೆ ಮಾತ್ರ ಚಿಕ್ಕದು.

ಪ್ರಕೃತ ಪೇಟೆಯಲ್ಲಿ ಕಡಮೆ ಹಣದವರ ಎದುರಿಗಿರುವ ಪೀಠಗಳು ಮುಖ್ಯವಾಗಿ ಮೂರು. ಎಎಂಡಿಯವರ ಎಎಂ 4, ಅವರದೇ ಎಎಂ 5, ಇಂಟೆಲಿನವರ ಎಲ್‌ಜಿಎ 1700. ನಾಲ್ಕನೆಯದೊಂದು ಉಂಟು, ಇಂಟೆಲಿನವರೇ 2024ರ ಅಕ್ಟೋಬರಿನಲ್ಲಿ ತಂದ ಎಲ್‌ಜಿಎ 1851. ಹೊಸದು, ಡಿಡಿಆರ್ 5 ರ‍್ಯಾಮನ್ನೇ ಬೇಡುವುದು, ಆಟಗಳಲ್ಲಿ ತನ್ನ ಹಿಂದಿನವರನ್ನು ಮೀರಿಸಿತೆಂಬ ಹೆಸರನ್ನೂ ಪಡೆಯದಿದ್ದುದು. ಬಡವನ ಲೆಕ್ಕದಲ್ಲಿ ಅದರ ಮಾತು ಇಲ್ಲಿಗೆ ಸಾಕು.

ಎಎಂ 4 ಪೀಠದ ಚರಿತ್ರೆ ಸ್ವಾರಸ್ಯವಾದದ್ದು. 2016ರಲ್ಲಿ ಹುಟ್ಟಿದ ಈ ಸಾಕೆಟ್ಟಿಗೆ 2017ರ ಮಾರ್ಚಿನಲ್ಲಿ ಮೊದಲ ರೈಜನ್ ಪ್ರೊಸೆಸರುಗಳು ಬಂದವು. ಒಂದೆರಡು ತಲೆಮಾರಿಗೆ ಸಾಕೆಟ್ಟನ್ನು ಬದಲಿಸಿಬಿಡುವುದು ಪೇಟೆಯ ರೂಢಿಯಾಗಿದ್ದಾಗ, ಈ ಪೀಠ ಮಾತ್ರ ತಲೆಮಾರಿನ ಮೇಲೆ ತಲೆಮಾರನ್ನು ಹೊತ್ತುಕೊಂಡು ಬಂದಿತು. 2017ರಲ್ಲಿ ಬೋರ್ಡು ಕೊಂಡವನು 2022ರಲ್ಲಿ ಬಂದ 5800ಎಕ್ಸ್3ಡಿ ಎಂಬ ಬಲಶಾಲಿಯನ್ನು ಬಯಾಸ್ ಪರಿಷ್ಕರಣೆಯೊಂದಿಗೆ ಬಹುಮಟ್ಟಿಗೆ ಅದೇ ಬೋರ್ಡಿನ ಮೇಲೆ ಕೂರಿಸಬಹುದಾಗಿತ್ತು. ಮನೆಯ ತಳಪಾಯ ಬದಲಾಯಿಸದೆ ಮಹಡಿಯ ಮೇಲೆ ಮಹಡಿ ಏರಿಸಿದಂತೆ. ಈ ವಂಶದಲ್ಲಿ ಕಡಮೆ ಹಣದವರು ನೋಡಬೇಕಾದವು ಎರಡು: ರೈಜನ್ 5 5600 ಮತ್ತು ರೈಜನ್ 5 5600ಜಿ. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸವಷ್ಟೇ ಇದ್ದರೂ ಸ್ವಭಾವದಲ್ಲಿ ಇವು ಅಣ್ಣತಮ್ಮಂದಿರಂತೆ ಬೇರೆಬೇರೆ. ಎರಡರಲ್ಲಿಯೂ ಆರು ಕೋರುಗಳು, ಹನ್ನೆರಡು ಥ್ರೆಡ್ಡುಗಳು. 5600ರಲ್ಲಿ 32 ಎಂಬಿ ಕ್ಯಾಷೆ ಇದೆ. ಗ್ರಾಫಿಕ್ಸ್ ಕಾರ್ಡಿನೊಡನೆ ಮಾತನಾಡುವ ಹಾದಿ ನಾಲ್ಕನೆಯ ತಲೆಮಾರಿನದು, ಅಗಲವಾದದ್ದು. ಆದರೆ ತನ್ನಷ್ಟಕ್ಕೆ ತಾನು ಪರದೆಯ ಮೇಲೆ ಒಂದು ಚುಕ್ಕೆಯನ್ನೂ ಮೂಡಿಸಲಾರದು. 5600ಜಿಯಲ್ಲಿ ಕ್ಯಾಷೆ ಅರ್ಧ, 16 ಎಂಬಿ. ಹಾದಿ ಮೂರನೆಯ ತಲೆಮಾರಿನದು, ಅಂದರೆ ಅದೂ ಅರ್ಧ. ಆದರೆ ಹೊಟ್ಟೆಯೊಳಗೇ ಒಂದು ಗ್ರಾಫಿಕ್ಸ್ ಭಾಗವನ್ನು ಇಟ್ಟುಕೊಂಡಿದೆ. ಕಾರ್ಡಿಲ್ಲದೆಯೇ ಹಗುರವಾದ ಆಟಗಳನ್ನು ಆಡಿಸುತ್ತದೆ.

ಎಲ್‌ಜಿಎ 1700 ಬಂದದ್ದು 2021ರ ನವೆಂಬರಿನಲ್ಲಿ. ಇಂಟೆಲಿನವರ ಸಾಕೆಟ್ಟಿನ ಹೆಸರಿನಲ್ಲಿರುವ ಅಂಕೆ ಸಂಪರ್ಕಬಿಂದುಗಳ ಎಣಿಕೆ. ಎಣಿಕೆ ಒಂದೇ ಇದ್ದರೆ ಹೊಂದುತ್ತದೆಂದೂ ನಂಬಬೇಡಿ: 2015ರ 1151ಕ್ಕೂ 2017ರ 1151ಕ್ಕೂ ಅಂಕೆಯೇನೋ ಒಂದೇ, ಆದರೆ ಇದರ ಪ್ರೊಸೆಸರು ಅದರ ಬೋರ್ಡಿನಲ್ಲಿ ನಡೆಯುತ್ತಿರಲಿಲ್ಲ. ಹಳೆಯ ಬೋರ್ಡನ್ನು ಅಗ್ಗಕ್ಕೆ ಕೊಂಡು ಹೊಸ ಪ್ರೊಸೆಸರು ತಂದು ಕೈ ಸುಟ್ಟುಕೊಂಡವರು ಆಗ ಅನೇಕರು. 1700 ಪೀಠ ಇಂಟೆಲಿನ 12, 13, 14ನೆಯ ಮೂರು ತಲೆಮಾರುಗಳನ್ನು ಕಂಡಿತು, ಅಲ್ಲಿಗೆ ನಿಂತಿತು. ನಮ್ಮ ಜೇಬಿಗೆ ಒಗ್ಗುವವು ನಾಲ್ಕು ಕೋರಿನ ಐ3-12100ಎಫ್ ಮತ್ತು ಆರು ಕೋರಿನ ಐ5-12400ಎಫ್. ಬಾಲದಲ್ಲಿರುವ ‘ಎಫ್’ ಅಕ್ಷರಕ್ಕೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಈ ಪೀಠದ ವಿಶೇಷವೆಂದರೆ ಡಿಡಿಆರ್ 4 ರ‍್ಯಾಮಿನ ಬೋರ್ಡೂ ಸಿಗುತ್ತದೆ, ಡಿಡಿಆರ್ 5ರದೂ ಸಿಗುತ್ತದೆ. ಆದರೆ ಒಂದು ಬೋರ್ಡು ಒಂದು ಜಾತಿಯನ್ನು ಮಾತ್ರ ಹಿಡಿಯುತ್ತದೆ. ಎರಡು ಜಾತಿಗಳ ಕಡ್ಡಿಗಳಲ್ಲಿ ಕಚ್ಚಿನ ಜಾಗವೇ ಬೇರೆ, ಒತ್ತಿದರೂ ಕೂರುವುದಿಲ್ಲ.

13 ಮತ್ತು 14ನೆಯ ತಲೆಮಾರಿನ ದೊಡ್ಡ ಪ್ರೊಸೆಸರುಗಳಿಗೆ 2024ರಲ್ಲಿ ಬಂದ ಅಪಕೀರ್ತಿಯನ್ನು ಕೆಲವರು ಕೇಳಿರಬಹುದು. ಮಿತಿಮೀರಿದ ವೋಲ್ಟೇಜಿನಿಂದ ಅವು ಕ್ರಮೇಣ ಅಸ್ಥಿರವಾಗುತ್ತಿದ್ದವು. ಇಂಟೆಲಿನವರು ಮೈಕ್ರೋಕೋಡನ್ನು ತಿದ್ದಿದರು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. 12400ಎಫ್ ಕೊಳ್ಳುವವನಿಗೆ ಈ ಭಯವಿಲ್ಲ. ಅದು ಹಿಂದಿನ ತಲೆಮಾರಿನದು. ಆದರೆ ಮುಂದೊಂದು ದಿನ ಇದೇ ಬೋರ್ಡಿಗೆ ಹಳೆಯ ಐ7 ಒಂದನ್ನು ಅಗ್ಗಕ್ಕೆ ತಂದು ಹಾಕುವ ಕನಸಿದ್ದರೆ, ಅದು ಹಿಂದಿನ ಯಜಮಾನನ ಕೈಯಲ್ಲಿ ಎಷ್ಟು ಬೆಂದಿದೆಯೆಂದು ತಿಳಿಯುವ ಬಗೆ ಇಲ್ಲ.

ಇನ್ನು ಎಎಂ 5. 2022ರ ಸೆಪ್ಟೆಂಬರಿನಲ್ಲಿ ಬಂದಿತು. 2027ರವರೆಗೂ ಅದರಾಚೆಗೂ ಇದಕ್ಕೆ ಬೆಂಬಲ ಕೊಡುತ್ತೇವೆಂದು ಎಎಂಡಿಯವರು ಮಾತು ಕೊಟ್ಟಿದ್ದಾರೆ. ಹಣ ತುಸು ಹೆಚ್ಚಿದ್ದವರಿಗೆ ಇದೇ ಉತ್ತಮ ಪೀಠವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಇದರ ರೈಜನ್ 5 7600 ಹಿಂದಿನ 5600ಕ್ಕಿಂತ ಸ್ಪಷ್ಟವಾಗಿ ಚುರುಕು. ಕಾರ್ಡಿಲ್ಲದೆ ಆಡಬೇಕೆನ್ನುವವರಿಗೆ 2024ರ ಜನವರಿಯಲ್ಲಿ ಬಂದ 8600ಜಿ ಉಂಟು. ಅದರೊಳಗಿನ ಗ್ರಾಫಿಕ್ಸಿನ ಮುಂದೆ 5600ಜಿಯದು ಮಕ್ಕಳಾಟ. ತೊಡಕು ಒಂದೇ: ಡಿಡಿಆರ್ 5 ಅಲ್ಲದೆ ಬೇರೆ ರ‍್ಯಾಮು ಇದಕ್ಕೆ ಆಗದು.

ಒಂದೆರಡು ವರ್ಷದ ಹಿಂದೆ ಇದು ತೊಡಕೇ ಆಗಿರಲಿಲ್ಲ. ಡಿಡಿಆರ್ 5ರ ಬೆಲೆ ಇಳಿದು ಇಳಿದು ಡಿಡಿಆರ್ 4ರ ಸಮೀಪಕ್ಕೆ ಬಂದಿತ್ತು. ಆಗ ಯಾರಾದರೂ ಕೇಳಿದ್ದರೆ ಕಣ್ಣು ಮುಚ್ಚಿ ಎಎಂ 5 ಎನ್ನಬಹುದಾಗಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಎಲ್ಲವೂ ತಲೆಕೆಳಗಾಯಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಸ್ಮೃತಿಯ ಚಿಪ್ಪುಗಳನ್ನು ಬಕಾಸುರನ ಬಂಡಿಯಂತೆ ಬರಿದುಮಾಡತೊಡಗಿದವು. ತಯಾರಕರು ಆ ದೊಡ್ಡ ಗಿರಾಕಿಗಳ ಕಡೆಗೆ ತಿರುಗಿದರು. ಮೈಕ್ರಾನಿನವರಂತೂ 2025ರ ಡಿಸೆಂಬರಿನಲ್ಲಿ, ಜನಸಾಮಾನ್ಯರಿಗೆ ಮಾರುತ್ತಿದ್ದ ತಮ್ಮ ಕ್ರೂಷಿಯಲ್ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿದರು. ರ‍್ಯಾಮಿನ ಬೆಲೆ ತಿಂಗಳೊಪ್ಪತ್ತಿನಲ್ಲಿ ದುಪ್ಪಟ್ಟಾಗಿ ಮತ್ತೂ ಏರಿತು. ಡಿಡಿಆರ್ 4 ಕೂಡ ಏರಿತು, ಆದರೆ ಅದರ ಹಳೆಯ ಕಡ್ಡಿಗಳು ಊರೂರಿನಲ್ಲಿಯೂ ಬಿದ್ದಿವೆ. ಕಚೇರಿಯ ಯಂತ್ರಗಳಿಂದ ಕಳಚಿದವು, ನೆಂಟರಿಷ್ಟರ ಮನೆಯವು. ಆದಕಾರಣ ಹಿಂದೆ ಬರಿಯ ಅಭಿಮಾನಿಗಳ ವಾಗ್ವಾದವಾಗಿದ್ದ ಪೀಠದ ಪ್ರಶ್ನೆ ಈಗ ರ‍್ಯಾಮಿನ ಪ್ರಶ್ನೆಯಾಗಿದೆ. ಅಂಗಡಿಗೆ ಹೋಗುವ ದಿನ ಮೊದಲು ವಿಚಾರಿಸಬೇಕಾದದ್ದು ಪ್ರೊಸೆಸರಿನ ಬೆಲೆಯನ್ನಲ್ಲ, 16 ಜಿಬಿಯ ಬೆಲೆಯನ್ನು.

ಆಟದ ವೇಗಕ್ಕೆ ಪ್ರೊಸೆಸರೇ ಸರ್ವಸ್ವವೆಂದು ತಿಳಿದವರಿಗೆ ಒಂದು ಮಾತು. ಆಟದ ಚಿತ್ರವನ್ನು ಬಿಡಿಸುವುದು ಗ್ರಾಫಿಕ್ಸ್ ಕಾರ್ಡು. ಏನು ಬಿಡಿಸಬೇಕೆಂದು ಹೇಳುವುದು ಪ್ರೊಸೆಸರು. ಯಕ್ಷಗಾನದಲ್ಲಿ ಭಾಗವತರು ಎಷ್ಟೇ ಚುರುಕಾದರೂ ವೇಷಧಾರಿಯ ಕಾಲು ಸೋತಿದ್ದರೆ ಕುಣಿತ ಏರುವುದಿಲ್ಲ. ಮಧ್ಯಮ ದರ್ಜೆಯ ಕಾರ್ಡಿನ ಜೊತೆಗೆ 5600 ಇರಲಿ, 12400ಎಫ್ ಇರಲಿ, ಸಾಮಾನ್ಯ ಪರದೆಯ ಮೇಲೆ ಕಣ್ಣಿಗೆ ವ್ಯತ್ಯಾಸ ತೋರದು. ಇವುಗಳಲ್ಲಿ ಯಾವುದು ಶೇಕಡಾ ನಾಲ್ಕು ಮುಂದೆಂದು ಹುಡುಗರು ಸ್ನೇಹ ಕೆಡಿಸಿಕೊಳ್ಳುವುದನ್ನು ನೋಡಿ ನನಗೆ ನಗು ಬರುತ್ತದೆ. 12100ಎಫ್ ಮಾತ್ರ ಬೇರೆ: ವ್ಯಾಲರೆಂಟಿನಂಥ ಆಟಕ್ಕೆ ಧಾರಾಳ ಸಾಕು, ಆದರೆ ಹೊಸ ದೊಡ್ಡ ಆಟಗಳಲ್ಲಿ ನಾಲ್ಕೇ ಕೋರುಗಳು ಅಲ್ಲಲ್ಲಿ ಮುಗ್ಗರಿಸುತ್ತವೆ.

ನನ್ನ ಎರಡನೆಯ ವರ್ಷದ ತರಗತಿಯ ಒಬ್ಬ ವಿದ್ಯಾರ್ಥಿಯ ವಿಷಯವನ್ನು ಇಲ್ಲಿ ಹೇಳಬೇಕು. ಹೆಸರು ಬೇಡ. ತಂದೆ ಗಣಿಯ ಒಳಗೆ ಕೆಲಸ ಮಾಡುತ್ತಿದ್ದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ವೈಟ್‌ಫೀಲ್ಡಿನ ಕಡೆ ರಾತ್ರಿಯ ಕಾವಲಿಗೆ ಹೋಗಿಬರುತ್ತಿದ್ದಾರೆ. ತಾಯಿ ಹೊಲಿಗೆಯ ಕೆಲಸದಿಂದ ಚೀಟಿ ಕಟ್ಟಿ ಎತ್ತಿದ ಹಣ 45,000 ರೂಪಾಯಿ. ಹುಡುಗನಿಗೆ ಆಟ ಬೇಕು, ತಂಗಿಗೆ ಕಾಲೇಜಿನ ಬರವಣಿಗೆಗೆ ಯಂತ್ರ ಬೇಕು, ತಾಯಿಗೆ ಆ ಹಣ ಮತ್ತೆ ಕೇಳಬೇಕಾಗದಿದ್ದರೆ ಸಾಕು.

ಹುಡುಗ ಒಂದು ಚೀಟಿಯನ್ನು ಬರೆದು ತಂದಿದ್ದ. 12400ಎಫ್, ಒಂದು ಅಗ್ಗದ ಬೋರ್ಡು, ಒಂದೇ 8 ಜಿಬಿ ಕಡ್ಡಿ, ಹೆಸರೇ ಕೇಳಿರದ ಪವರ್ ಸಪ್ಲೈ, ಉಳಿದದ್ದಕ್ಕೆ ಸಿಕ್ಕುವ ಒಂದು ಹಳೆಯ ಕಾರ್ಡು, ಬಣ್ಣಬಣ್ಣದ ದೀಪಗಳ ಫ್ಯಾನು ಆರು.

“ಈ ದೀಪಗಳಿಂದ ಆಟ ಜೋರಾಗುತ್ತೇನಪ್ಪ?” ಎಂದೆ.

“ಇಲ್ಲ ಸಾರ್. ಆದ್ರೆ ಚೆನ್ನಾಗಿರುತ್ತೆ ಸಾರ್,” ಎಂದು ತಲೆ ತಗ್ಗಿಸಿದ.

“ಕಾರ್ಡು ಆರು ತಿಂಗಳಿಗೆ ಸತ್ತುಹೋದರೆ?”

“ಆಗ ಪರದೆ ಬರಲ್ಲ ಸಾರ್.”

ಅವನ ಬಾಯಿಂದಲೇ ಬಂದಿತು. ‘ಎಫ್’ ಬಾಲದ ಪ್ರೊಸೆಸರಿಗೆ ಕಾರ್ಡಿಲ್ಲದಿದ್ದರೆ ಆಟ ಹಾಗಿರಲಿ, ತಂಗಿ ಒಂದು ಸಾಲು ಬರೆಯುವುದಕ್ಕೂ ಆಗದು. ಮೂರು ದಿನಗಳ ನಂತರ ತಂದೆಯೇ ಬಂದರು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು. ಕುಳಿತುಕೊಳ್ಳಿರೆಂದರೂ ನಿಂತೇ ಇದ್ದರು. ಅವರಿಗೆ ಎಎಂ 4 ಆಗಲಿ ಎಲ್‌ಜಿಎ ಆಗಲಿ ತಿಳಿಯದು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದು ಎಷ್ಟು ವರ್ಷ ಬರುತ್ತೆ ಸಾರ್? ನಡುವೆ ಏನಾದ್ರೂ ಹೋದ್ರೆ ಅಷ್ಟು ಮಾತ್ರ ಬದಲಾಯಿಸಬಹುದಾ, ಇಲ್ಲ ಎಲ್ಲಾ ಬಿಸಾಕಬೇಕಾ?” ಪೀಠವೆಂದರೇನೆಂದು ನಾನು ಎರಡು ಪುಟ ವಿವರಿಸಿದ್ದನ್ನು ಅವರು ಎರಡು ವಾಕ್ಯದಲ್ಲಿ ಕೇಳಿಬಿಟ್ಟರು. ಗಣಿಯ ಭಾರಿ ಯಂತ್ರಗಳು ಗುಜರಿಯಾದುದನ್ನು ಕಣ್ಣಾರೆ ಕಂಡವರಿಗೆ ಈ ಪ್ರಶ್ನೆ ಯಾರೂ ಕಲಿಸಬೇಕಾಗಿಲ್ಲ.

ನಾವು ಕುಳಿತು ಹಾಕಿದ ಲೆಕ್ಕ ಹೀಗೆ. ಪ್ರೊಸೆಸರು 5600ಜಿ. ಬೋರ್ಡು ಬಿ550 ಜಾತಿಯದು. ರ‍್ಯಾಮು 8 ಜಿಬಿಯ ಎರಡು ಕಡ್ಡಿ. ಈ ಎರಡೆಂಬುದು ಮುಖ್ಯ. ಒಳಗಿನ ಗ್ರಾಫಿಕ್ಸಿಗೆ ತನ್ನದೇ ಸ್ಮೃತಿಯಿಲ್ಲ, ರ‍್ಯಾಮಿನಿಂದಲೇ ಕಡ ತೆಗೆದುಕೊಳ್ಳಬೇಕು, ಒಂದೇ ಕಡ್ಡಿಯಾದರೆ ಹಾದಿ ಅರ್ಧವಾಗಿ ಆಟ ಕುಂಟುತ್ತದೆ. 500 ಜಿಬಿಯ ಎಸ್‌ಎಸ್‌ಡಿ. ಒಳ್ಳೆಯ ಹೆಸರಿನ 550 ವ್ಯಾಟಿನ ಪವರ್ ಸಪ್ಲೈ. ಈಗ ಅಷ್ಟು ಬೇಡ, ಮುಂದೆ ಕಾರ್ಡು ಬಂದಾಗ ಬೇಕು. ಕಾರ್ಡು ಇಲ್ಲ. ದೀಪದ ಫ್ಯಾನು ಒಂದೂ ಇಲ್ಲ. ಪರದೆಗೆ ಮನೆಯ ಟೆಲಿವಿಷನ್ನೇ ಆಯಿತು. ಕಾರ್ಡಿನ ಹಣ ಮುಂದಿನ ಚೀಟಿಗೆ.

ಹುಡುಗನಿಗೆ ಮುಖ ಸಪ್ಪಗಾಯಿತು, ಆದರೆ ವಾದವನ್ನು ಬಿಡಲಿಲ್ಲ. “ಕಾರ್ಡು ಬಂದ ಮೇಲೆ 5600ಜಿ ಅರ್ಧ ಹಾದಿಯಲ್ಲೇ ಇರುತ್ತಲ್ಲಾ ಸಾರ್?” ಎಂದ. ಸರಿಯಾದ ಆಕ್ಷೇಪಣೆ. ಹದಿನಾರು ಹಾದಿಗಳ ಕಾರ್ಡಾದರೆ ನಷ್ಟ ಅಲ್ಪ. ಎಂಟು ಹಾದಿಗಳ ಆರ್‌ಎಕ್ಸ್ 6600ರಂಥ ಕಾರ್ಡಿಗೆ ಸ್ವಲ್ಪ ತಗಲುತ್ತದೆ. ನಾಲ್ಕೇ ಹಾದಿಗಳ ಆರ್‌ಎಕ್ಸ್ 6500ಎಕ್ಸ್‌ಟಿಯನ್ನು ಮಾತ್ರ 5600ಜಿಯ ಜೊತೆಗೆ ಕಟ್ಟಲೇಬಾರದು. ಬಾಯಿ ಕಟ್ಟಿ ಊಟಕ್ಕೆ ಕೂರಿಸಿದಂತಾಗುತ್ತದೆ. ಆಗ ಬೇಕೆನಿಸಿದರೆ 5600ಜಿಯನ್ನು ಮಾರಿ ಅದೇ ಬೋರ್ಡಿಗೆ 5600 ಅಥವಾ ಎಂಟು ಕೋರಿನ 5700ಎಕ್ಸ್ ಹಾಕಬಹುದು. ಬೋರ್ಡು, ರ‍್ಯಾಮು, ಉಳಿದದ್ದೆಲ್ಲ ಹಾಗೆಯೇ. ತಂದೆಯವರಿಗೆ ನಾನು ಹೇಳಿದ್ದು: ಐದು ವರ್ಷ, ನಡುವೆ ಒಂದು ಬದಲಾವಣೆ. ಅದರಾಚೆಗೆ ಈ ಪೀಠಕ್ಕೆ ಮುಂದಿನ ಹಾದಿಯಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ.

ಕಾರ್ಡನ್ನು ಅದೇ ತಿಂಗಳಲ್ಲಿ ಕೊಳ್ಳುವ ಶಕ್ತಿಯುಳ್ಳವನಾಗಿದ್ದರೆ ನನ್ನ ಸಲಹೆ ಬೇರೆ: 5600 ಅಥವಾ 12400ಎಫ್, ಯಾವುದು ಆ ದಿನ ಬೋರ್ಡೂ ಸೇರಿ ಅಗ್ಗವೋ ಅದು. ಇಲ್ಲಿ ಮಾರಿಕುಪ್ಪಂನವನಿಗೆ ಒಂದು ವಿಶೇಷ ಎಚ್ಚರಿಕೆ ಉಂಟು. ಎಎಂ 4ರ ಹಳೆಯ ದಾಸ್ತಾನಿನ ಬಿ450 ಬೋರ್ಡುಗಳಲ್ಲಿ ಬಯಾಸ್ ಹಳೆಯದಾಗಿದ್ದರೆ 5000ದ ಸಾಲಿನ ಪ್ರೊಸೆಸರನ್ನು ಅವು ಗುರುತಿಸುವುದೇ ಇಲ್ಲ. ಬೆಂಗಳೂರಿನವನು ಸಂಜೆ ಸ್ಕೂಟರಿನಲ್ಲಿ ಹೋಗಿ ಸರಿಮಾಡಿಸಿಕೊಂಡು ಬರುತ್ತಾನೆ. ನಮಗೆ ಅದು ಒಂದು ದಿನದ ಸಂಬಳ, ಎರಡು ಕಡೆಯ ಗಾಡಿ. ಆದಕಾರಣ ಸದರ್ ಪತ್ರಪ್ಪ ರಸ್ತೆಯ ಅಂಗಡಿಯಲ್ಲೇ ಜೋಡಿಸಿ, ಬಯಾಸಿನ ಪರದೆ ಮೂಡಿ, ಎರಡೂ ಕಡ್ಡಿಗಳು ಅದರಲ್ಲಿ ಕಾಣಿಸಿಕೊಂಡ ಮೇಲೆಯೇ ಹಣ ಎಣಿಸತಕ್ಕದ್ದು. ಪ್ರೊಸೆಸರನ್ನು ಮುಚ್ಚಿದ ಪೆಟ್ಟಿಗೆಯಲ್ಲಿಯೇ ಕೇಳಿ ಪಡೆಯಬೇಕು. ಪೆಟ್ಟಿಗೆಯದಕ್ಕೆ ತಯಾರಕರ ಮೂರು ವರ್ಷದ ವಾರಂಟಿ ಇರುತ್ತದೆ. ‘ಟ್ರೇ’ ಎಂದು ಬಿಡಿಯಾಗಿ ಕೊಡುವುದಕ್ಕೆ ಅಂಗಡಿಯವನ ಮಾತೇ ವಾರಂಟಿ. ಬಿಲ್ಲಿಲ್ಲದೆ ಐನೂರು ರೂಪಾಯಿ ಕಡಮೆ ಮಾಡುತ್ತೇನೆಂಬ ಆಮಿಷಕ್ಕೆ ನಮ್ಮ ದೂರದಲ್ಲಿರುವವರು ಬೀಳಕೂಡದು.

ನಾನು ಎಲ್ಲಕ್ಕಿಂತ ಹೆಚ್ಚಾಗಿ ಹೆದರುವುದು ಇನ್ನೊಂದಕ್ಕೆ. ‘ಐ7 ಗೇಮಿಂಗ್ ಪಿಸಿ’ ಎಂದು ಅಂತರ್ಜಾಲದ ಅಂಗಡಿಗಳಲ್ಲಿ ಥಳಥಳಿಸುವ ಪೆಟ್ಟಿಗೆಗಳಿವೆ. ಒಳಗಿರುವ ಐ7 ಎರಡನೆಯದೋ ಮೂರನೆಯದೋ ತಲೆಮಾರಿನದು; ಅಂದರೆ 2011ರ, 2012ರ ಸರಕು. ಐ7 ಎಂಬುದು ಪದವಿಯ ಹೆಸರಷ್ಟೇ, ಹುಟ್ಟಿದ ವರ್ಷವಲ್ಲ. ಆ ಐ7ನ್ನು ಇಂದಿನ 12100ಎಫ್ ಎಂಬ ಪುಟ್ಟ ಐ3 ಲೀಲಾಜಾಲವಾಗಿ ಸೋಲಿಸುತ್ತದೆ. ಮೇಲಾಗಿ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲಿನ ಎಂಟನೆಯ ತಲೆಮಾರಿನಿಂದ ಈಚಿನದನ್ನೇ ಒಪ್ಪುವುದು. ವಿಂಡೋಸ್ 11ರಲ್ಲಿ ವ್ಯಾಲರೆಂಟ್ ಆಡಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ಕಚೇರಿಗಳಿಂದ ಹೊರಬಿದ್ದ ಆರು, ಏಳನೆಯ ತಲೆಮಾರಿನ ಯಂತ್ರಗಳನ್ನು ಕೊಳ್ಳುವವರೂ ಇದನ್ನು ನೆನಪಿಡಬೇಕು. ಬರವಣಿಗೆಗೆ ಅವು ಸಾಕು, ಆಟದ ಹುಡುಗನಿಗೆ ಅಲ್ಲ. ಚೀಟಿಯ ಹಣ ಇಂಥ ಪೆಟ್ಟಿಗೆಗೆ ಹೋದ ಮನೆಯೊಂದನ್ನು ನಾನು ಬಲ್ಲೆ. ಅಲ್ಲಿ ಈಗ ಗಣಕಯಂತ್ರವೆಂಬ ಪದವನ್ನು ತಂದೆಯ ಮುಂದೆ ಯಾರೂ ಎತ್ತುವುದಿಲ್ಲ.

ನಮ್ಮ ಊರಿನದೇ ಆದ ಎರಡು ಶತ್ರುಗಳುಂಟು. ಮೊದಲನೆಯದು ಧೂಳು. ಚಿನ್ನ ತೆಗೆದು ಉಳಿದ ಸಯನೈಡ್ ಗುಡ್ಡಗಳ ಸಣ್ಣ ಬಿಳಿಧೂಳು ಗಾಳಿಯ ದಿನಗಳಲ್ಲಿ ಅಡಿಗೆಮನೆಯವರೆಗೂ ಬರುತ್ತದೆ, ಫ್ಯಾನಿರುವ ಪೆಟ್ಟಿಗೆಯನ್ನು ಬಿಟ್ಟೀತೆ? ಮುಂಭಾಗದಲ್ಲಿ ಜಾಲರಿಯ ಸೋಸುಬಲೆ ಇರುವ ಕ್ಯಾಬಿನೆಟ್ಟನ್ನೇ ಆರಿಸಿ, ತಿಂಗಳಿಗೊಮ್ಮೆ ಆ ಬಲೆಯನ್ನು ಬಿಚ್ಚಿ ಕೊಡವಬೇಕು. ಮೇಜಿನ ಕೆಳಗೆ ನೆಲದ ಮೇಲೆ ಇಡಬಾರದು. ಉಷ್ಣದ ವಿಷಯದಲ್ಲಿ ಹೆದರಿಕೆ ಬೇಡ. ಮೂರು ಕಿಲೋಮೀಟರಿಗೂ ಆಳವಾದ ಚಾಂಪಿಯನ್ ರೀಫಿನ ತಳದಲ್ಲಿ ಬಂಡೆಯೇ 60 ಡಿಗ್ರಿ ಮೀರಿ ಕಾದಿರುತ್ತಿತ್ತು, ಅಲ್ಲಿ ನಮ್ಮ ಜನ ಕೆಲಸ ಮಾಡಿದರು. 5600ಜಿಗೆ 95ರವರೆಗೂ ತಾಳಿಕೆ ಇದೆ. ಅದರ ಪೆಟ್ಟಿಗೆಯಲ್ಲೇ ಬರುವ ಫ್ಯಾನು ಸಾಕು, ಬೇರೆ ಕೊಳ್ಳಬೇಕಾಗಿಲ್ಲ. 12400ಎಫ್ ಪೆಟ್ಟಿಗೆಯಲ್ಲಿಯೂ ಒಂದು ಬರುತ್ತದೆ.

ಎರಡನೆಯ ಶತ್ರು ವಿದ್ಯುತ್ತಿನ ಕಣ್ಣುಮುಚ್ಚಾಲೆ. 1902ರಲ್ಲೇ ದೀಪ ಕಂಡ ಊರೆಂಬ ಬಿರುದು ಆಟದ ಮಧ್ಯೆ ಕತ್ತಲಾದಾಗ ಉಪಯೋಗಕ್ಕೆ ಬರುವುದಿಲ್ಲ. ಮನೆಯಲ್ಲಿ ಇನ್ವರ್ಟರು ಇದ್ದರೆ ಅದರ ಹಿಂಭಾಗದಲ್ಲಿ ‘ಯುಪಿಎಸ್’ ಎಂಬ ಸ್ವಿಚ್ಚಿದೆಯೇ ನೋಡಿ. ಸಾಮಾನ್ಯ ಸ್ಥಿತಿಯಲ್ಲಿ ಅದು ಬದಲಾಗುವ ಕ್ಷಣದಲ್ಲಿ ಯಂತ್ರ ಆರಿ ಹೊತ್ತಿಕೊಳ್ಳುತ್ತದೆ. ಆ ಸ್ವಿಚ್ಚನ್ನು ಹಾಕಿದರೆ ಬದಲಾವಣೆ ಬೇಗ ಆಗುವುದರಿಂದ ಯಂತ್ರಕ್ಕೆ ತಿಳಿಯುವುದೇ ಇಲ್ಲ. ಕ್ಯಾಬಿನೆಟ್ಟಿನ ಜೊತೆಗೆ ಪುಕ್ಕಟೆಯಾಗಿ ಬರುವ ಪವರ್ ಸಪ್ಲೈಯ ಮೇಲೆ 450 ಎಂದು ಅಚ್ಚಾಗಿರಬಹುದು. ಅಚ್ಚಿನ ಮಾತನ್ನು ನಂಬಬೇಕಾಗಿಲ್ಲ. ಅದು ಸಾಯುವಾಗ ಒಂಟಿಯಾಗಿ ಸಾಯುವುದಿಲ್ಲ, ಬೋರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ. ಎಲ್ಲಿಯಾದರೂ ಸಾವಿರ ರೂಪಾಯಿ ಹೆಚ್ಚು ಹಾಕುವುದಿದ್ದರೆ ಇಲ್ಲಿ ಹಾಕಿ.

ನನ್ನ ವಿದ್ಯಾರ್ಥಿಯ ಯಂತ್ರ ಈಗ ನಡೆಯುತ್ತಿದೆ. ವ್ಯಾಲರೆಂಟ್ ಸರಾಗವಾಗಿ ಓಡುತ್ತದೆಯಂತೆ; ಜಿಟಿಎ 5ಕ್ಕೆ ಚಿತ್ರದ ವಿವರಗಳನ್ನು ತಗ್ಗಿಸಿಕೊಳ್ಳಬೇಕು; ಸೈಬರ್‌ಪಂಕ್ ಹೆಸರನ್ನು ಅವನು ಸದ್ಯಕ್ಕೆ ಎತ್ತುವುದಿಲ್ಲ. ಹಗಲು ಯಂತ್ರ ತಂಗಿಯದು, ರಾತ್ರಿ ಹತ್ತರ ಮೇಲೆ ಅವನದು. ಮರುದಿನ ಬೆಳಗಿನ ಮೊದಲ ಗಂಟೆ ನನ್ನ ಪಾಠವಾದ್ದರಿಂದ ಇದರ ಫಲವನ್ನು ನಾನೂ ಅನುಭವಿಸುತ್ತಿದ್ದೇನೆ.

ಮುಂದಿನ ಚೀಟಿಯ ಹಣದಿಂದ ಹಳೆಯ ಕಾರ್ಡು ಕೊಳ್ಳುವುದಾದರೆ ಹೇಗೆಂದು ಅವನು ಈಗಾಗಲೇ ಕೇಳಿದ್ದಾನೆ. ಕಾರ್ಡನ್ನು ಯಂತ್ರಕ್ಕೆ ಹಾಕಿ, ಒಂದು ಭಾರವಾದ ಆಟವನ್ನೋ ಪರೀಕ್ಷಾ ತಂತ್ರಾಂಶವನ್ನೋ ಕನಿಷ್ಠ ಅರ್ಧ ಗಂಟೆ ಕಣ್ಣೆದುರಿಗೇ ಓಡಿಸಿ ತೋರಿಸದವನಿಂದ ಕೊಳ್ಳಬಾರದು. ಪರದೆಯ ಮೇಲೆ ಬಣ್ಣದ ಚೌಕಗಳೋ ಗೆರೆಗಳೋ ಒಮ್ಮೆ ಕಂಡರೂ ಬಿಟ್ಟುಬಿಡಬೇಕು. ಫ್ಯಾನುಗಳೆಲ್ಲ ತಿರುಗುತ್ತಿವೆಯೇ, ತಿರುಪುಗಳ ಮೇಲಿನ ವಾರಂಟಿ ಚೀಟಿ ಹರಿದಿದೆಯೇ ನೋಡಬೇಕು. ಸರಣಿ ಸಂಖ್ಯೆಯನ್ನು ತಯಾರಕರಲ್ಲಿ ವಿಚಾರಿಸಿದರೆ ಎಷ್ಟು ವಾರಂಟಿ ಉಳಿದಿದೆಯೆಂದು ಗೊತ್ತಾಗುತ್ತದೆ. 8 ಜಿಬಿ ಸ್ಮೃತಿಗಿಂತ ಕಡಮೆಯದನ್ನು ಈಗ ಕೊಳ್ಳುವುದು ವ್ಯರ್ಥ. ತರುವಾಗ ಅದನ್ನು ಯಂತ್ರದೊಳಗೆ ಸಿಕ್ಕಿಸಿಕೊಂಡು ತರಬೇಡಿ. ಗಾಡಿಯ ಕುಲುಕಾಟಕ್ಕೆ ಅದರ ಭಾರದಿಂದ ಬೋರ್ಡಿನ ಸ್ಲಾಟು ಬಿರಿಯಬಹುದು. ಬಟ್ಟೆಯಲ್ಲಿ ಸುತ್ತದೆ, ಸ್ಥಾಯೀ ವಿದ್ಯುತ್ತನ್ನು ತಡೆಯುವ ಅದರದೇ ಚೀಲದಲ್ಲಿಟ್ಟು ಬೇರೆ ಪೆಟ್ಟಿಗೆಯಲ್ಲಿ ತರತಕ್ಕದ್ದು.